ಜಿಪ್ಸಿಯ ಕಮಾನು ಪಟ್ಟಿ ಮತ್ತು ಮೂರು ಸ್ಕೇಲುಗಳು

ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕದಲ್ಲಿ, ಬಲವು ವಸ್ತುವಿನ ಆಕಾರವನ್ನು ಬದಲಿಸಬಲ್ಲದು ಎಂಬ ಅಂಶಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಸ್ಪಂಜನ್ನೋ ಚಪಾತಿ ಹಿಟ್ಟನ್ನೋ ಒಯ್ಯುತ್ತೇವೆ. ನಾನು ಮೂರು ಸ್ಟೀಲ್ ಸ್ಕೇಲು ಒಯ್ದೆ. ಪಾಠದ ಹಿಂದಿನ ಭಾನುವಾರ ಬಸವೇಶ್ವರನಗರದ ನಮ್ಮ ಮನೆಯಲ್ಲಿ ತಮ್ಮನೂ ನಾನೂ ಅಪ್ಪನ ಹಳೇ ಮಾರುತಿ ಜಿಪ್ಸಿಯ ಮುಂದಿನ ಸ್ಪ್ರಿಂಗುಗಳನ್ನು ಬದಲಿಸಿದ್ದೆವು.

1985ರಲ್ಲಿ ನಮ್ಮ ದೇಶದ ರಸ್ತೆಗಿಳಿದ ಈ ಫೋರ್‌ವೀಲ್ ಡ್ರೈವ್ ಗಾಡಿಯ ನಾಲ್ಕೂ ಚಕ್ರಗಳಿಗೆ ಲೀಫ್ ಸ್ಪ್ರಿಂಗು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನು ಪಟ್ಟಿಗಳು. ನಮ್ಮದರ ಮೂತಿ ಎಡಕ್ಕೆ ವಾಲಿತ್ತು. ಜೆ.ಸಿ. ರಸ್ತೆಯಿಂದ ಹೊಸ ಜೋಡಿ ತಂದೆವು. ಒಂದೇ ಕಡೆ ಬದಲಿಸಿದರೆ ಗಾಡಿ ಇನ್ನೊಂದು ಕಡೆಗೆ ವಾಲುತ್ತದೆ, ಅದಕ್ಕೇ ಜೋಡಿ. ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಆಕ್ಸಲ್ಲಿಗೆ ಬೇರೆ ಜಾಕ್ ಕೊಟ್ಟು, ಯು-ಬೋಲ್ಟುಗಳನ್ನು ಬಿಚ್ಚಿದೆವು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದು ಎಂದು ಅಪ್ಪ ಹತ್ತು ಸಲವಾದರೂ ಹೇಳಿರಬೇಕು.

ಹಳೆಯದನ್ನೂ ಹೊಸದನ್ನೂ ನೆಲದ ಮೇಲಿಟ್ಟು, ಎರಡು ತುದಿಗಳ ನಡುವೆ ದಾರ ಎಳೆದು ನೋಡಿದೆ. ಹಳೆಯದರ ಕಮಾನು ಎರಡು ಬೆರಳಷ್ಟು ತಗ್ಗಿತ್ತು. ಭಾರ ಇಳಿಸಿದರೂ ಅದು ಮೊದಲಿನ ಆಕಾರಕ್ಕೆ ಮರಳಿರಲಿಲ್ಲ. ಸ್ಥಿತಿಸ್ಥಾಪಕ ಮಿತಿ ಎಂದು ಬಿ.ಎಸ್ಸಿ.ಯಲ್ಲಿ ನಕ್ಷೆ ಬರೆದು ಅಂಕ ಪಡೆದ ವಿಷಯವನ್ನು ಕೈಯಿಂದ ಮುಟ್ಟಿದ್ದು ಅಂದೇ. ಪಟ್ಟಿ ಬಾಗಿ ನೇರವಾದಾಗ ಅದರ ಉದ್ದವೂ ಬದಲಾಗುತ್ತದೆ. ಆದ್ದರಿಂದ ಒಂದು ತುದಿಗೆ ತೂಗಾಡುವ ಶ್ಯಾಕಲ್ ಇರುತ್ತದೆ. ತುದಿಯ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಗಾಡಿ ನೆಲಕ್ಕಿಳಿದ ಮೇಲೆ. ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ತರಗತಿಗೆ ಗಾಡಿ ಒಯ್ಯಲಾಗದಲ್ಲ. ಮಾಗಡಿ ರಸ್ತೆಯ ಆ ಪ್ರೌಢಶಾಲೆಯಲ್ಲಿ ಮೇಜಿನ ಅಂಚಿಗೆ ಒಂದು ಸ್ಕೇಲನ್ನು ಬಿಗಿದು, 25 ಸೆಂ.ಮೀ. ಹೊರಚಾಚಿಸಿ, ತುದಿಗೆ 100 ಗ್ರಾಂ ತೂಗುಹಾಕಿದೆವು. ಬಾಗು 24 ಮಿ.ಮೀ. 200 ಗ್ರಾಂಗೆ ಹೆಚ್ಚುಕಡಿಮೆ ದುಪ್ಪಟ್ಟು. ರಾಬರ್ಟ್ ಹುಕ್ ಈ ನಿಯಮವನ್ನು 1676ರಲ್ಲಿ ಅಕ್ಷರಗಳ ಒಗಟಾಗಿ ಅಡಗಿಸಿಟ್ಟು 1678ರಲ್ಲಿ ಬಿಡಿಸಿದ ಎಂದಾಗ ಮಕ್ಕಳಿಗೆ ಒಗಟೇ ಹೆಚ್ಚು ಇಷ್ಟವಾಯಿತು. ಮೂರು ಸ್ಕೇಲು ಸೇರಿಸಿ 100 ಗ್ರಾಂ ಹಾಕಿದಾಗ ಬಾಗು 9 ಮಿ.ಮೀ.ಗೆ ಇಳಿಯಿತು.

ಆಗ ಕೊನೆಯ ಬೆಂಚಿನಿಂದ ಒಂದು ದನಿ: “ಮಿಸ್, ನಿಮ್ಮ ಸ್ಕೇಲು ಎಲ್ಲಾ ಒಂದೇ ಉದ್ದ. ಗಾಡೀಲಿ ಕೆಳಗೆ ಹೋಗ್ತಾ ಪ್ಲೇಟು ಚಿಕ್ಕದಾಗುತ್ತೆ. ಯಾಕೆ?”

ಅದುವರೆಗೆ ನನ್ನ ಒಂದು ಪಾಠದಲ್ಲೂ ಆ ಹುಡುಗ ಬಾಯಿ ತೆರೆದಿರಲಿಲ್ಲ. ಶಾಲೆ ಮುಗಿದ ಮೇಲೆ ಕಾಮಾಕ್ಷಿಪಾಳ್ಯದಲ್ಲಿ ಅಪ್ಪನ ವರ್ಕ್‌ಶಾಪಿನಲ್ಲಿರುತ್ತಾನೆ. ಹತ್ತನೇ ತರಗತಿ ಮುಗಿಸಿದರೆ ಹೆಚ್ಚು ಎಂದು ಶಿಕ್ಷಕರ ಕೊಠಡಿಯಲ್ಲಿ ಕೇಳಿದ್ದೆ. ಉತ್ತರ ಹೇಳದೆ ಅವನನ್ನೇ ಮುಂದೆ ಕರೆದೆ. ಅವನು ಕೆಳಗಿನ ಎರಡು ಸ್ಕೇಲುಗಳನ್ನು ಮೆಟ್ಟಿಲಿನಂತೆ ಹಿಂದೆ ಸರಿಸಿ ಬಿಗಿದು ಅದೇ 100 ಗ್ರಾಂ ಹಾಕಿದ. 12 ಮಿ.ಮೀ. ಹೊರಚಾಚಿದ ಉಕ್ಕು ಮೂರನೇ ಒಂದು ಭಾಗ ಕಡಿಮೆಯಾದರೂ ಬಾಗು ಹೆಚ್ಚಿದ್ದು ಮೂರೇ ಮಿ.ಮೀ. “ಹಿಡಿದಿರೋ ಜಾಗದಲ್ಲೇ ಜಾಸ್ತಿ ಎಳೀತದೆ, ತುದೀಲಿ ಬೇಕಿಲ್ಲ,” ಎಂದ. ಗಾಡಿಯಲ್ಲಿ ಹಿಡಿದಿರುವ ಜಾಗ ಎಂದರೆ ಪಟ್ಟಿಯ ನಡುಮಧ್ಯ, ಆಕ್ಸಲ್ಲಿಗೆ ಕಟ್ಟಿದ ಕಡೆ. ಬಾಗುಮಹತ್ವ ಎಂಬ ಪದವನ್ನು ನಾನು ಬೇಕೆಂದೇ ಕಪ್ಪುಹಲಗೆಯ ಮೇಲೆ ಬರೆಯಲಿಲ್ಲ.

ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು, ವಿಸ್ತರಿಸುವಿಕೆಯ ಹಂತಕ್ಕೆ ಸಮಯ ಉಳಿಯಲಿಲ್ಲ ಎಂದು ಷರಾ ಬರೆದರು. ಆ ಹಂತ ನಡೆದೇ ಇತ್ತು, ನಡೆಸಿದವನು ಆ ಹುಡುಗ ಎಂಬುದು ನನ್ನ ಅಭಿಪ್ರಾಯ. ಚರ್ಚೆಯಲ್ಲಿ ಹೇಳಿಯೂ ಹೇಳಿದೆ.

ಮುಂದಿನ ಸೋಮವಾರ ಅವನು ಪತ್ರಿಕೆಯಲ್ಲಿ ಸುತ್ತಿದ ಎರಡು ತುಂಡು ಉಕ್ಕು ತಂದ. ಯಾವುದೋ ಟೆಂಪೋದ ಪಟ್ಟಿ. ಸರಿಯಾಗಿ ನಡುವಿನ ಬೋಲ್ಟಿನ ತೂತಿನಲ್ಲೇ ಮುರಿದಿತ್ತು. ತೂತಿನಿಂದಲೂ ಅಲ್ಲಿ ಬಲ ಕಡಿಮೆಯಾಗಿತ್ತೇ ಎಂದು ಪಕ್ಕದ ಬೆಂಚಿನ ಹುಡುಗಿ ಕೇಳಿದಳು. ಎರಡೂ ತುಂಡುಗಳು ಈಗ ಪ್ರಯೋಗಾಲಯದ ಕಪಾಟಿನಲ್ಲಿವೆ, ಅವನೇ ಬರೆದ ಚೀಟಿಯೊಂದಿಗೆ.