ಸರಿದ ರೇಖೆಯ ಮರ್ಮ

ಬೀಜಗಣಿತವೆಂದರೆ ಅಕ್ಷರಗಳ ಹಾಗೂ ಅಂಕಿಗಳ ಶುಷ್ಕ ವ್ಯವಹಾರವೆಂದು ಬಗೆಯುವವರು ಅನೇಕರು. ಆದರೆ 1637ರಲ್ಲಿ ಫ್ರಾನ್ಸಿನ ರೆನೆ ದೆಕಾರ್ತನು ತನ್ನ ರೇಖಾಗಣಿತದ ಗ್ರಂಥದಲ್ಲಿ ಸಮೀಕರಣಕ್ಕೂ ವಕ್ರರೇಖೆಗೂ ನಂಟನ್ನು ಬೆಸೆದ ಮೇಲೆ, ಅಕ್ಷರಕ್ಕೆ ಆಕಾರವೊದಗಿತು. ಆ ಆಕಾರವನ್ನು ಗ್ರಾಫ್ ಹಾಳೆಯ ಮೇಲೆ ಕಾಣುವ ಭಾಗ್ಯ ಇಂದು ಪ್ರತಿಯೊಬ್ಬ ವಿದ್ಯಾರ್ಥಿಗೂ ಉಂಟು.

ಯ = ಕ್ಷ² ಎಂಬುದರ ನಕ್ಷೆ ಒಂದು ಪರವಲಯ; ಅದರ ಶೃಂಗ ಮೂಲಬಿಂದುವಿನಲ್ಲಿದೆ. ಯ = ಕ್ಷ² + 3 ಎಂದು ಬರೆದರೆ ಇಡಿಯ ರೇಖೆ 3 ಮಾನ ಮೇಲೇರುತ್ತದೆ. ಇದನ್ನು ಯಾವ ಬಾಲಕನೂ ಶಂಕಿಸುವುದಿಲ್ಲ. ಆದರೆ ಗುರುಗಳು ಕರಿಹಲಗೆಯ ಮೇಲೆ ಯ = (ಕ್ಷ − 3)² ಎಂದು ಬರೆದೊಡನೆ ಬಾಲಕನ ಸೀಮೆಸುಣ್ಣ ಎಡಕ್ಕೆ ಓಡುತ್ತದೆ. "ಬಲಕ್ಕಪ್ಪಾ, ಬಲಕ್ಕೆ" ಎಂದು ಗುರುಗಳು ತಿದ್ದುತ್ತಾರೆ. "ಕಳೆದರೆ ಎಡಕ್ಕಲ್ಲವೇ, ಸರ್?" ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದು ಅಲ್ಲಿಯೇ ಉಳಿಯುತ್ತದೆ. ಕೇಳದೆ ಉಳಿದ ಆ ಒಂದು ಪ್ರಶ್ನೆಯಿಂದಲೇ "ಗಣಿತ ನನ್ನ ಪಾಲಿನದಲ್ಲ" ಎಂಬ ನಿರಾಶೆ ಮೊಳೆಯುವುದುಂಟು.

ವಾಸ್ತವವಾಗಿ ಆ ಪ್ರಶ್ನೆ ದಡ್ಡತನದ್ದಲ್ಲ. ಕ್ಷ-ಗೆ 0, 1, 2, 3, 4, 5 ಎಂಬ ಬೆಲೆಗಳನ್ನಿತ್ತು ನೋಡಿದರೆ ಯ-ಯ ಬೆಲೆಗಳು ಕ್ರಮವಾಗಿ 9, 4, 1, 0, 1, 4. ಆವರಣ ಸೊನ್ನೆಯಾಗುವುದು ಕ್ಷ 3 ಆದಾಗ; ಆದಕಾರಣ ಶೃಂಗವೂ ಅಲ್ಲಿಯೇ.

ವಿದ್ಯಾರ್ಥಿನಿಲಯದ ವೇಳಾಪಟ್ಟಿಯಿಂದ ಇದು ಇನ್ನೂ ಸ್ಪಷ್ಟವಾದೀತು. ಪಟ್ಟಿಯಂತೆ ಬೆಳಗಿನ 6ಕ್ಕೆ ಪ್ರಾರ್ಥನೆ. ಚಳಿಗಾಲ ಬಂದಾಗ ಮೇಲ್ವಿಚಾರಕರು "ಗಡಿಯಾರದ ಗಂಟೆಯಲ್ಲಿ 1 ಕಳೆದು ಹಳೆಯ ಪಟ್ಟಿಯನ್ನು ನೋಡಿರಿ" ಎಂದು ಸಾರಿದರೆ ಆಗುವುದೇನು? ಗಡಿಯಾರ 6 ತೋರಿದಾಗ ಪಟ್ಟಿಯಲ್ಲಿ ಕಾಣುವುದು 5ರ ಸಾಲು. ಮಕ್ಕಳು ಇನ್ನೂ ಹೊದಿಕೆಯೊಳಗೆ. ಪ್ರಾರ್ಥನೆಯ ಗಂಟೆ ಬಾರಿಸುವುದು 7ಕ್ಕೆ. ಕಳೆದದ್ದರಿಂದಲೇ ಕಾರ್ಯಕ್ರಮ ಮುಂದಕ್ಕೆ ಸರಿಯಿತು! ಆವರಣದ ಹೊರಗಿನ ಸಂಖ್ಯೆ ಫಲವನ್ನು ಬದಲಿಸುತ್ತದೆ. ಒಳಗಿನ ಸಂಖ್ಯೆ ಫಲ ದೊರೆಯುವ ಸ್ಥಳವನ್ನು ಬದಲಿಸುತ್ತದೆ.

ಈ ಮರ್ಮವನ್ನರಿಯದೆ "ಋಣ ಚಿಹ್ನೆಯಾದರೆ ಬಲಕ್ಕೆ" ಎಂಬ ಸೂತ್ರವನ್ನಷ್ಟೇ ಉರುಹೊಡೆದವನು ಯ = (2ಕ್ಷ − 6)² ಎದುರಾದಾಗ 6 ಮಾನ ಬಲಕ್ಕೆಂದು ಬರೆದು ಎಡವುತ್ತಾನೆ. ಅರಿತವನಾದರೋ ಆವರಣ ಸೊನ್ನೆಯಾಗುವುದೆಲ್ಲಿ ಎಂದು ವಿಚಾರಿಸುತ್ತಾನೆ. ಕ್ಷ 3 ಆದಾಗಲೆಂದು ಕಾಣುತ್ತಾನೆ. ಅಲ್ಲಿರುವುದು 2(ಕ್ಷ − 3) ಎಂಬುದರ ವರ್ಗ. ರೇಖೆ ಅಡ್ಡಲಾಗಿ ಅರ್ಧಕ್ಕೆ ಕುಗ್ಗಿ, ಸರಿದಿರುವುದು 3 ಮಾನ ಮಾತ್ರ. ಅಂತೆಯೇ ಯ = −ಕ್ಷ² ಎಂಬ ರೇಖೆ ಕೆರೆಯ ನೀರಿನಲ್ಲಿ ಕಾಣುವ ಗೋಪುರದಂತೆ ತಲೆಕೆಳಗು; ಆದರೆ ಋಣ ಚಿಹ್ನೆಯನ್ನು ಆವರಣದೊಳಗಿರಿಸಿ (−ಕ್ಷ)² ಎಂದರೆ ಎಡಬಲಗಳು ಅದಲುಬದಲಾಗಿಯೂ ಪರವಲಯ ಇದ್ದಂತೆಯೇ ಇರುತ್ತದೆ.

ಸೂತ್ರ ಪರೀಕ್ಷೆಯ ದಿನದವರೆಗೆ ಜೊತೆಗಿದ್ದೀತು. ಕಾರಣ ಬದುಕಿನುದ್ದಕ್ಕೂ ಜೊತೆಗಿರುತ್ತದೆ. ಆದುದರಿಂದ ನಾಲಗೆಯ ತುದಿಯಲ್ಲಿ ನಿಂತ ಪ್ರಶ್ನೆಯನ್ನು ವಿದ್ಯಾರ್ಥಿ ಕೇಳಿಯೇ ಬಿಡಲಿ. ಗುರುಗಳೂ ಸೀಮೆಸುಣ್ಣವನ್ನು ಕೆಳಗಿಟ್ಟು ಅದನ್ನು ಆಲಿಸಲಿ. ರೇಖೆ ಬಲಕ್ಕೆ ಸರಿದ ಕಾರಣ ತಿಳಿದ ಗಳಿಗೆಯಲ್ಲಿ ಬಾಲಕನ ಮುಖದಲ್ಲಿ ಮೂಡುವ ಬೆಳಕೇ ಪಾಠದ ನಿಜವಾದ ಫಲ.