ರೂಟ್ ಹೆಸರಿನ ಟಪಾಲು

ಡೊಂಬಿವಲಿ ಪೂರ್ವ, ರಾತ್ರಿ ಹತ್ತೂವರೆ. ಹೋಟೆಲಿನ ಷಟರ್ ಅರ್ಧ ಇಳಿದಿದೆ. ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಹುಡುಗರು ನೆಲ ಒರೆಸುತ್ತಿದ್ದಾರೆ. ತಲೆ ತಗ್ಗಿಸಿ ಒಳಗೆ ಬನ್ನಿ, ಗಲ್ಲಾ ದಾಟಿ ಹಿಂದಿನ ಬಾಗಿಲು ತಳ್ಳಿ. ಅಕ್ಕಿ ಮೂಟೆ, ಎಣ್ಣೆ ಡಬ್ಬ, ಬಿಲ್ ರೋಲಿನ ಪೆಟ್ಟಿಗೆ. ಅವುಗಳ ನಡುವೆ ಕಬ್ಬಿಣದ ರ‍್ಯಾಕ್. ಅದರ ಕೆಳಹಲಗೆಯಲ್ಲಿ ಧೂಳು ಹಿಡಿದ ಕಪ್ಪು ಕಂಪ್ಯೂಟರ್ ಒಂದಿದೆ. ಅದೇ ಸರ್ವರ್. ಥಾಣೆಯ ನೌಪಾಡಾ, ಕಲ್ಯಾಣ್, ವಾಶಿ, ಮೂರೂ ಶಾಖೆಗಳ ಬಿಲ್ಲಿನ ಲೆಕ್ಕ ಪ್ರತಿ ರಾತ್ರಿ ಇಲ್ಲಿಗೆ ಬಂದು ಸೇರುತ್ತದೆ. ಜಿಎಸ್‌ಟಿ, ಸಂಬಳ, ಹಾಲಿನವನ ಬಾಕಿ, ಎಲ್ಲವೂ ಇದರ ಹೊಟ್ಟೆಯಲ್ಲಿ.

ನೀವು ಮಗುಚಿಟ್ಟ ಡಬ್ಬದ ಮೇಲೆ ಕೂರಿ. ಕೀಬೋರ್ಡ್ ಮುಂದಿರುವ ಹುಡುಗ ಕುಂದಾಪುರದ ಕಡೆಯವನು, ಮಹಾಪೆಯ ಡೇಟಾ ಸೆಂಟರೊಂದರಲ್ಲಿ ಪಾಳಿಯ ಕೆಲಸ. ಪಾಳಿ ಮುಗಿಸಿ ಘಣ್ಸೋಲಿಯಲ್ಲಿ ಹತ್ತಿ, ಥಾಣೆಯಲ್ಲಿ ಇಳಿದು, ಕಲ್ಯಾಣ್ ಸ್ಲೋ ಹಿಡಿದು ನೇರ ಇಲ್ಲಿಗೆ ಬಂದಿದ್ದಾನೆ. ಬ್ಯಾಕಪ್ ಯಾಕೋ ನಿಧಾನವಾಗಿದೆ ಎಂದು ಹೋಟೆಲಿನ ಮಾಲೀಕ ಶೆಟ್ರು ಫೋನ್ ಮಾಡಿದ್ದರು.

ಅವನು ಮೊದಲು ನೋಡುವುದು ಡಿಸ್ಕ್‌ಗಳನ್ನು. ಒಂದೇ ಲೆಕ್ಕವನ್ನು ಎರಡು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಬರೆಯುವ ಜೋಡಿ ವ್ಯವಸ್ಥೆ ಇದು. ಪರದೆಯ ಮೇಲೆ ಚೌಕ ಆವರಣದೊಳಗೆ ಎರಡು ‘ಯು’ ಅಕ್ಷರ ಇರಬೇಕು. ನೀವೂ ಬಗ್ಗಿ ನೋಡಿ: ಒಂದು ಯು, ಪಕ್ಕದಲ್ಲಿ ಒಂದು ಅಡಿಗೆರೆ. ಒಂದು ಡಿಸ್ಕ್ ಸತ್ತಿದೆ, ಇನ್ನೊಂದು ಒಂಟಿಯಾಗಿ ಎಳೆಯುತ್ತಿದೆ. ಹುಡುಗ ಮಾತಾಡುವುದಿಲ್ಲ. ಚೀಲದಿಂದ ಹೊರಡ್ರೈವ್ ತೆಗೆದು ಚುಚ್ಚಿ, ಎಲ್ಲದರ ಪ್ರತಿ ತೆಗೆಯಲು ಹಚ್ಚುತ್ತಾನೆ. ಅದು ನಡೆಯುತ್ತಿರುವಾಗಲೇ ಇನ್ನೊಂದು ಕಿಟಕಿಯಲ್ಲಿ ಯಂತ್ರದ ಯಜಮಾನನಾದ ರೂಟ್ ಎಂಬ ಬಳಕೆದಾರನ ಟಪಾಲು ಪೆಟ್ಟಿಗೆ ತೆರೆಯುತ್ತಾನೆ.

ಪುಟ ಜಾರುತ್ತಲೇ ಹೋಗುತ್ತದೆ, ತುದಿ ಕಾಣುವುದಿಲ್ಲ. ಮೊದಮೊದಲ ಕಾಗದಗಳಲ್ಲಿ ಎರಡನೇ ಡಿಸ್ಕಿನ ಕೆಲವು ಸೆಕ್ಟರ್‌ಗಳು ಓದಲು ಬರುತ್ತಿಲ್ಲ ಎಂಬ ಸೂಚನೆ. ಆಮೇಲೆ ‘ಫೇಲ್’ ಎಂದು ಒಂದು. ಅಲ್ಲಿಂದ ಮುಂದೆ ದಿನಕ್ಕೊಂದರಂತೆ ಒಂದೇ ಒಕ್ಕಣೆ: ಜೋಡಿ ಮುರಿದಿದೆ, ಜೋಡಿ ಮುರಿದಿದೆ.

‘ಎಂತ ಮಾರಾಯ, ಇಷ್ಟು ದಿನ ಇದು ಹೇಳ್ಲೇ ಇಲ್ವಾ?’ ಬಾಗಿಲಲ್ಲಿ ನಿಂತ ಶೆಟ್ರ ಪ್ರಶ್ನೆ.

‘ಹೇಳಿದೆ ಶೆಟ್ರೆ. ದಿನಾ ಬರ್ದಿದೆ. ಹೊರಗೆ ಹೋಗ್ಲಿಕ್ಕೆ ದಾರಿ ಇರ್ಲಿಲ್ಲ.’

ಸರ್ವರ್ ಕೂರಿಸಿಕೊಟ್ಟವರು ಡಿಸ್ಕ್ ಜೋಡಿಸಿದ್ದರು, ಕಾವಲು ಪ್ರೋಗ್ರಾಮನ್ನೂ ಚಾಲೂ ಮಾಡಿದ್ದರು. ಎಚ್ಚರಿಕೆ ಯಾರ ಕೈ ಸೇರಬೇಕು ಎಂಬ ಒಂದು ಸಾಲನ್ನು ಮಾತ್ರ ಬರೆದಿರಲಿಲ್ಲ. ಇದನ್ನು ಅರ್ಧ ಕೆಲಸ ಎನ್ನಲೂ ನನಗೆ ಮನಸ್ಸಾಗುವುದಿಲ್ಲ. ಇಡೀ ಜೋಡಿ ಡಿಸ್ಕಿನ ಖರ್ಚು ನಿಂತಿರುವುದೇ ಆ ಒಂದು ಸಾಲಿನ ಮೇಲೆ: ಮೊದಲನೆಯದು ಸತ್ತಾಗ ಗೊತ್ತಾದರೆ ತಾನೇ ಎರಡನೆಯದು ಸಾಯುವ ಮೊದಲು ಬದಲಿಸುವುದು?

ಹುಡುಗ ಈಗ ಆ ಸಾಲು ಬರೆಯುತ್ತಾನೆ. ಏಲಿಯಾಸ್ ಕಡತದಲ್ಲಿ ರೂಟ್‌ನ ಟಪಾಲೆಲ್ಲ ಶೆಟ್ರ ಜಿಮೇಲಿಗೆ ಹೋಗಲಿ ಎಂದು ಸೂಚಿಸಿ, ಪರೀಕ್ಷೆಗೆ ಒಂದು ಮೇಲ್ ಬಿಡುತ್ತಾನೆ. ಎಲ್ಲರ ಕಣ್ಣೂ ಶೆಟ್ರ ಫೋನಿನ ಮೇಲೆ. ಏನೂ ಬರುವುದಿಲ್ಲ. ಲಾಗ್ ತೆರೆದರೆ ಜಿಮೇಲಿನ ಯಂತ್ರ, ಪೋರ್ಟ್ 25, ಕನೆಕ್ಷನ್ ಟೈಮ್ಡ್ ಔಟ್.

1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಬರೆದ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯಲ್ಲಿರುವ ಬಾಗಿಲು ಈ 25. ಅಂದು ಜಾಲದಲ್ಲಿದ್ದ ಯಂತ್ರಗಳು ಒಂದನ್ನೊಂದು ನಂಬುತ್ತಿದ್ದವು. ಯಾರು ಕೊಟ್ಟ ಮೇಲನ್ನಾದರೂ ಮುಂದಕ್ಕೆ ದಾಟಿಸುವುದು ಅವುಗಳ ಮರ್ಯಾದೆಯಾಗಿತ್ತು. ಸ್ಪ್ಯಾಮ್ ಕಳಿಸುವವರು ಆ ನಂಬಿಕೆಯನ್ನು ತಿಂದುಹಾಕಿದರು. ಈಗ ಮನೆ-ಅಂಗಡಿಗಳ ಬ್ರಾಡ್‌ಬ್ಯಾಂಡಿನಲ್ಲಿ ಹೊರಹೋಗುವ 25ನ್ನು ಎಷ್ಟೋ ಕಂಪನಿಗಳು ಮುಚ್ಚಿಡುತ್ತವೆ. ಕ್ಲೌಡಿಗೆ ಹೋದರೂ ಅಷ್ಟೇ, ಅಮೆಜಾನ್, ಗೂಗಲ್ ತಮ್ಮ ಯಂತ್ರಗಳಿಂದ ಅದನ್ನು ಮೊದಲಿಗೇ ತಡೆದಿರುತ್ತವೆ. ತೆರೆದಿದ್ದರೂ ದಿನಕ್ಕೊಂದು ವಿಳಾಸ ಬದಲಿಸುವ ಡೊಂಬಿವಲಿಯ ಬ್ರಾಡ್‌ಬ್ಯಾಂಡನ್ನು ಜಿಮೇಲ್ ಯಾಕೆ ಒಳಗೆ ಬಿಟ್ಟೀತು? ಸೊಸೈಟಿಯ ವಾಚ್‌ಮನ್ ಗುರುತಿಲ್ಲದವನನ್ನು ಗೇಟಿನಲ್ಲೇ ನಿಲ್ಲಿಸಿ, ದಿನಾ ಬರುವ ಕೊರಿಯರ್‌ನವನನ್ನು ಲಿಫ್ಟ್‌ವರೆಗೆ ಬಿಡುವುದಿಲ್ಲವೇ, ಇಲ್ಲೂ ಹಾಗೆಯೇ. ನಮ್ಮ ಕಾಗದವನ್ನು ಗುರುತಿರುವವರ ಕೈಗೆ ಕೊಡಬೇಕು.

ಹುಡುಗ ಆರಿಸಿಕೊಳ್ಳುವುದು ಅಮೆಜಾನಿನ ಮೇಲ್ ಕಳಿಸುವ ಸೇವೆ ಎಸ್‌ಇಎಸ್, ಅದರ ಮುಂಬಯಿ ಕೇಂದ್ರ. ಈಚೆಗೆ ಪೋಸ್ಟ್‌ಫಿಕ್ಸ್ ಇದ್ದೇ ಇದೆ. ವೀಟ್ಸೆ ವೆನೆಮಾ ಬರೆದು 1998ರಲ್ಲಿ ಹೊರಬಂದ, ಇಂದಿಗೂ ನಂಬಿ ಮಲಗಬಹುದಾದ ಮೇಲ್ ಪ್ರೋಗ್ರಾಂ. ಅದರ ಮೇನ್ ಡಾಟ್ ಸಿಎಫ್ ಕಡತದಲ್ಲಿ ‘ರಿಲೇಹೋಸ್ಟ್’ ಎಂಬ ಸಾಲು ಖಾಲಿ ಬಿದ್ದಿದೆ. ಅವನು ಎಸ್‌ಇಎಸ್‌ನ ವಿಳಾಸವನ್ನು ಚೌಕ ಆವರಣದೊಳಗಿಟ್ಟು ಬರೆದು, ಮುಂದೆ ಕೋಲನ್ ಹಾಕಿ 587 ಎನ್ನುತ್ತಾನೆ. ಆವರಣ ಅಲಂಕಾರಕ್ಕಲ್ಲ. ‘ಎಂಎಕ್ಸ್ ದಾಖಲೆ ಹುಡುಕುತ್ತ ಹೋಗಬೇಡ, ನೇರ ಈ ಯಂತ್ರಕ್ಕೇ ಕೊಡು’ ಎಂಬ ಅಪ್ಪಣೆ ಅದು. 587 ಎಂದರೆ ಗುರುತು ತೋರಿಸಿ ಮೇಲ್ ಒಪ್ಪಿಸುವ ಬಾಗಿಲು. ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲೇ ನಡೆಸು ಎಂದು ಟಿಎಲ್‌ಎಸ್ ಕಡ್ಡಾಯ ಮಾಡುವ ಇನ್ನೊಂದು ಸಾಲು. ಬಳಕೆದಾರನ ಹೆಸರು, ಪಾಸ್‌ವರ್ಡ್ ಬೇರೆ ಕಡತಕ್ಕೆ. ಅದನ್ನು ರೂಟ್ ಬಿಟ್ಟು ಯಾರೂ ಓದದಂತೆ 600 ಅನುಮತಿ ಹಾಕಿ, ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರಲು ಪೋಸ್ಟ್‌ಮ್ಯಾಪ್ ಓಡಿಸುತ್ತಾನೆ.

ಮತ್ತೆ ಮೇಲ್. ಮತ್ತೆ ಲಾಗ್. ‘ನೋ ಮೆಕ್ಯಾನಿಸಂ ಅವೈಲಬಲ್.’ ಗುರುತು ಹೇಳುವ ವಿದ್ಯೆಯೇ ಯಂತ್ರಕ್ಕೆ ಬರುವುದಿಲ್ಲವಂತೆ. ಈ ಸರ್ವರ್ ಓಡುವ ಉಬುಂಟುವಿನಲ್ಲಿ, ಗುರುತು ಹೇಳುವ ಸಾಸ್ಲ್ ಮಾಡ್ಯೂಲ್‌ಗಳು ಪ್ರತ್ಯೇಕ ಪ್ಯಾಕೇಜು. ಅದು ಇಲ್ಲದಿದ್ದರೆ ಪಾಸ್‌ವರ್ಡ್ ಸರಿಯಿದ್ದೂ ಪ್ರಯೋಜನವಿಲ್ಲ. ಹಾಕಿಕೊಂಡು ಸರದಿಯಲ್ಲಿದ್ದುದನ್ನು ಮತ್ತೆ ತಳ್ಳುತ್ತಾನೆ. ಈ ಬಾರಿ ಉತ್ತರ ಬರುವುದು ಮುಂಬಯಿ ಕೇಂದ್ರದಿಂದಲೇ: 554, ಕಳಿಸುವವನ ವಿಳಾಸ ಪರಿಶೀಲಿತವಲ್ಲ. ‘ರೂಟ್’ ಎಂದು ಸಹಿ ಹಾಕಿ ಕಳಿಸಿದರೆ ಯಾರ ಮನೆಯ ರೂಟ್ ಎಂದು ಅವರಿಗೆ ತಿಳಿಯುವುದು ಹೇಗೆ?

ಹೋಟೆಲಿಗೆ ಸ್ವಂತ ಡೊಮೇನ್ ಇದೆ, ವೆಬ್‌ಸೈಟಿಗೆಂದು ಕೊಂಡದ್ದು. ಅದು ತಮ್ಮದೇ ಎಂದು ಸಾಧಿಸಲು ಎಸ್‌ಇಎಸ್ ಡೊಮೇನಿನ ಖಾತೆಯಲ್ಲಿ ಸೇರಿಸಲು ಮೂರು ಸಿನೇಮ್ ದಾಖಲೆ ಕೊಡುತ್ತದೆ. ಮೇಲಿಗೆ ಬೀಳುವ ಡಿಕೆಐಎಂ ಮುದ್ರೆಯನ್ನು ಮುಂದೆ ಗೂಗಲ್ ಪರೀಕ್ಷಿಸುವುದೂ ಇವುಗಳಿಂದಲೇ. ಶೆಟ್ರು ಡೈರಿಯಿಂದ ಆ ಖಾತೆಯ ಪಾಸ್‌ವರ್ಡ್ ಓದುತ್ತಾರೆ, ಹುಡುಗ ಮೂರನ್ನೂ ಅಂಟಿಸಿ, ನಕಲಿ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್‌ಗೆ ಒಂದು ಸಾಲು ಸೇರಿಸುತ್ತಾನೆ. ಹೊಸ ಖಾತೆಯಾದ್ದರಿಂದ ಪಡೆಯುವವರ ಒಪ್ಪಿಗೆಯೂ ಬೇಕು. ಫೋನಿಗೆ ಬಂದ ಕೊಂಡಿಯನ್ನು ಶೆಟ್ರು ಒತ್ತುತ್ತಾರೆ. ಈ ಹಂತದಲ್ಲಿ ದಿನಕ್ಕೆ 200 ಮೇಲ್ ಮಿತಿ. ಒಂದು ಸರ್ವರಿನ ಸುಖದುಃಖಕ್ಕೆ ಧಾರಾಳ ಸಾಕು.

ದಾಖಲೆ ಜಗತ್ತಿಗೆ ಕಾಣಲು ಸ್ವಲ್ಪ ಹೊತ್ತು ಬೇಕು. ಚಹಾ ಬರುತ್ತದೆ.

‘ಕರೆಂಟೇ ಹೋದ್ರೆ?’ ಶೆಟ್ರು ಕೇಳುತ್ತಾರೆ. ಅವರಿಗೆ 2020ರ ಅಕ್ಟೋಬರ್ 12 ನೆನಪಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬಯಿ, ಥಾಣೆ, ನವಿಮುಂಬಯಿ ಒಟ್ಟಿಗೆ ಕತ್ತಲಾಗಿ ಲೋಕಲ್‌ಗಳು ಹಳಿಯ ಮೇಲೆ ನಿಂತ ದಿನ.

ಒಳ್ಳೆಯ ಪ್ರಶ್ನೆ. ಕರೆಂಟಿಲ್ಲದ, ನೆಟ್ಟಿಲ್ಲದ ಯಂತ್ರ ಎಚ್ಚರಿಕೆ ಕಳಿಸಲಾರದು. ಅದಕ್ಕೇ ಹುಡುಗ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಸೇರಿಸುತ್ತಾನೆ: ದಿನಾ ಬೆಳಿಗ್ಗೆ ಆರಕ್ಕೆ, ನಿನ್ನೆಯ ಬ್ಯಾಕಪ್ ಎಷ್ಟು, ಡಿಸ್ಕಿನಲ್ಲಿ ಜಾಗ ಎಷ್ಟು ಎಂದು ನಾಲ್ಕು ಗೆರೆಯ ಮೇಲ್. ‘ಆರಕ್ಕೆ ಬರ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ.’ ಗಲ್ಲಾದಲ್ಲಿ ಕೂರುವ ಭಾವನವರ ವಿಳಾಸವನ್ನೂ ಸೇರಿಸಿ ಎನ್ನುತ್ತಾರೆ ಶೆಟ್ರು. ಸರಿಯಾದ ಮಾತು. ಒಬ್ಬರೇ ನೋಡುವ ಮೇಲ್, ಅವರು ಊರಿಗೆ ಹೋದ ದಿನ ಯಾರೂ ನೋಡದ ಮೇಲ್.

ಡೊಮೇನ್ ಮುಂದೆ ಹಸಿರು ಗುರುತು ಬಿದ್ದಿದೆ. ರೂಟ್ ಎಂದಿರುವಲ್ಲೆಲ್ಲ ಡೊಮೇನಿನ ವಿಳಾಸ ಹಾಕಿ ಕಳಿಸುವಂತೆ ಜೆನೆರಿಕ್ ಪಟ್ಟಿ ಬರೆದು, ಹುಡುಗ ಮತ್ತೆ ತಳ್ಳುತ್ತಾನೆ. ಲಾಗಿನಲ್ಲಿ 250, ಓಕೆ. ಶೆಟ್ರ ಫೋನ್ ಟಿಣ್ ಎನ್ನುತ್ತದೆ. ಸ್ಪ್ಯಾಮಿಗಲ್ಲ, ನೇರ ಇನ್‌ಬಾಕ್ಸಿಗೆ. ಮೇಲಿನ ಮೂಲರೂಪ ತೆರೆದರೆ, ಕಳಿಸಿದವರ ಗುರುತು ಪರೀಕ್ಷಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್, ಮೂರರ ಮುಂದೂ ‘ಪಾಸ್’. 2024ರ ಫೆಬ್ರುವರಿಯಿಂದ ಜಿಮೇಲಿಗೆ ಬರೆಯುವ ಪ್ರತಿಯೊಬ್ಬರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕೇ ಬೇಕು. ದಿನಕ್ಕೆ ಐದು ಸಾವಿರ ದಾಟಿಸುವವರಿಗೆ ಮೂರೂ ಕಡ್ಡಾಯ.

ಕೈಯಲ್ಲಿ ಬರೆದ ಮೇಲ್ ಹೋಯಿತೆಂದರೆ ಕೆಲಸ ಮುಗಿಯಲಿಲ್ಲ, ಕಾವಲುಗಾರನ ಮೇಲ್ ಹೋಗಬೇಕು. ಡಿಸ್ಕ್ ಜೋಡಿಯನ್ನು ಕಾಯುವ ಎಂಡಿಎಡಿಎಂಗೆ ಪರೀಕ್ಷಾ ಸಂದೇಶ ಕಳಿಸಲು ಹೇಳಿದಾಗ ಫೋನ್ ಒಂದಲ್ಲ, ಎರಡು ಸಲ ಸದ್ದು ಮಾಡುತ್ತದೆ. ಒಂದು ಪರೀಕ್ಷೆಯದು. ಇನ್ನೊಂದು ನಿಜದ್ದು: ಜೋಡಿ ಮುರಿದಿದೆ. ಶೆಟ್ರು ಕನ್ನಡಕ ಏರಿಸಿ ಓದಿ, ‘ಡಿಸ್ಕ್ ಎಲ್ಲಿ ಸಿಗ್ತದೆ? ಲ್ಯಾಮಿಂಗ್ಟನ್ ರೋಡಾ?’ ಎನ್ನುತ್ತಾರೆ.

‘ನಾಳೆ ನಾನೇ ತರ್ತೇನೆ. ಅಷ್ಟರವರೆಗೆ ಇದನ್ನು ಆಫ್ ಮಾಡ್ಬೇಡಿ. ಪ್ರತಿ ಹೊರಡ್ರೈವ್‌ನಲ್ಲಿದೆ, ಮನೆಗೆ ತಕೊಂಡ್ಹೋಗಿ.’

‘ಕಲ್ಯಾಣದಲ್ಲೂ ಒಂದು ಹೀಗೇ ಕೂತಿದೆಯಲ್ಲ ಮಾರಾಯ.’

‘ಅದಕ್ಕೂ ಇದೇ ದಾರಿ. ಪಾಸ್‌ವರ್ಡ್ ಮಾತ್ರ ಬೇರೆ ಮಾಡ್ತೇನೆ. ಒಂದು ಮಷಿನ್ ಕಳ್ಳರ ಪಾಲಾದ್ರೆ ಅದರದ್ದೊಂದೇ ರದ್ದು ಮಾಡಿದ್ರಾಯ್ತು, ಇದು ನಿಲ್ಲುವುದಿಲ್ಲ.’ ಶೆಟ್ರು ಡೈರಿಯಲ್ಲಿ ಹೊಸ ಪುಟ ತಿರುಗಿಸಿ, ಮೇಲೆ ‘ಕಲ್ಯಾಣ್’ ಎಂದು ಬರೆಯುತ್ತಾರೆ.