ಕಾವಲಿನ ಹುಲ್ಲು, ಆಕಾಶದ ದರ್ಬಾರು

ಆಕಾಶದಲ್ಲಿ ರಾಜ್ಯ ಕಟ್ಟುವ ಕಥೆಗಳಲ್ಲಿ ಚಕ್ರವರ್ತಿ ಇರುತ್ತಾನೆ, ಸೇನಾಪತಿ ಇರುತ್ತಾನೆ, ದನ ಕಾಯುವವನು ಮಾತ್ರ ಇರುವುದಿಲ್ಲ. ತಿಪಟೂರಿನಲ್ಲಿ ಓದುವ ನಮ್ಮ ತಂಗಿಯ ಮಗನಿಗೆ ಇಂಥ ಕಥೆಗಳ ಹುಚ್ಚು. "ಎಷ್ಟು ದಿನ ಕೊಬ್ಬರಿ ಮಂಡಿ, ಮಸೀದಿ ಕಟ್ಟೆ ಅಂತ ಬರೀತೀರಿ ಮಾಮು?" ಎಂದು ಕೆಣಕುತ್ತಾನೆ. ಅವನ ಕಾಟಕ್ಕೆ ನಾವೂ ಓದಿದೆವು. ಐಸಾಕ್ ಅಸಿಮೋವ್ 1940ರ ದಶಕದಲ್ಲಿ ಬರೆಯತೊಡಗಿದ 'ಫೌಂಡೇಶನ್' ಕಥೆಗಳಲ್ಲಿ ಸಾಮ್ರಾಜ್ಯದ ರಾಜಧಾನಿ ಟ್ರಾಂಟರ್ ಎಂಬ ಗ್ರಹ. ನೆಲವೆಲ್ಲ ಲೋಹದಡಿ ಮುಚ್ಚಿದ ಒಂದೇ ಊರು, ಅಲ್ಲಿ ನಡೆಯುವುದು ಆಡಳಿತ ಮಾತ್ರ. ಉಣ್ಣುವ ಅನ್ನ 20 ಬೇರೆ ಗ್ರಹಗಳಿಂದ ಬರಬೇಕು. ಸಾಮ್ರಾಜ್ಯ ಬಿದ್ದ ಮೇಲೆ ಅಳಿದುಳಿದವರು ಲೋಹ ಕಿತ್ತು, ಕೆಳಗಿನ ಮಣ್ಣು ಹುಡುಕಿ ಬೇಸಾಯಕ್ಕಿಳಿಯುತ್ತಾರೆ.

ಅಲ್ಲಿ ಪುಸ್ತಕ ಮಡಿಸಿದಾಗ ನಮಗೆ ನೆನಪಾದದ್ದು ನಮ್ಮ ಸೀಮೆಯ ಅಮೃತಮಹಲ್ ಕಾವಲುಗಳು. ಮೈಸೂರು ಒಡೆಯರ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಹೆಸರಿನಲ್ಲಿ ಹಾಲು ಬೆಣ್ಣೆ ಇದ್ದರೂ ಕೆಲಸ ಫೌಜಿನದು, ತೋಪುಗಾಡಿ ಎಳೆಯುವ ಎತ್ತು ಬೆಳೆಸುವುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರೂ ಆ ಎತ್ತುಗಳನ್ನು ತಮ್ಮ ಸೈನ್ಯಕ್ಕೆ ಬಳಸಿಕೊಂಡರು. ಅಂದರೆ ಕಾವಲು ಬಡವರಿಗೆಂದು ಬಿಟ್ಟ ದಾನವೇನಲ್ಲ. ಆದರೆ ಆ ಸೈನ್ಯಕ್ಕೆ ಹುಲ್ಲು ಬೇಕಿತ್ತು, ಹಾಗಾಗಿ ಹುಲ್ಲು ಉಳಿಯಿತು. ಸುಲ್ತಾನರ ರಾಕೆಟ್ಟಿನ ಬಗ್ಗೆ ಎದೆಯುಬ್ಬಿಸಿ ಮಾತಾಡುವ ನಮ್ಮ ಜನ ಈ ಹುಲ್ಲಿನ ಮಾತು ಎತ್ತುವುದೇ ಇಲ್ಲ.

ಈಗಿನ ಸೈನ್ಯಕ್ಕೆ ಬೇಕಾದದ್ದು ಬರಿಯ ಬಯಲು. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರು, ಹಿರಿಯೂರು ದಾಟಿ ಹೋದರೆ ಚಳ್ಳಕೆರೆ. ಅಲ್ಲಿನ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಇಸ್ರೋ ಮುಂತಾದವಕ್ಕೆ ಹಂಚಿಹೋಯಿತು. ಕುರಿ ಮೇಯಿಸಿ ಕಂಬಳಿ ನೇಯುವವರ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2017ರಲ್ಲಿ ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರದಿಂದ ಇಸ್ರೋದ ರೆಕ್ಕೆಯ ವಾಹನವನ್ನು ಬಿಟ್ಟಿತು. ಅದು ತಾನೇ ದಾರಿ ಹಿಡಿದು ಆ ನೆಲೆಯ ರನ್‌ವೇ ಮೇಲೆ ಇಳಿಯಿತು. ಚಿತ್ರ ನೋಡಿ ನಾವೂ ಬೆರಗಾದೆವು, ಸುಳ್ಳೇಕೆ? ಅದೇ ವರ್ಷ ಫೆಬ್ರವರಿ 6ರಂದು ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ಮಗನಿಗೆ ಅಲ್ಲೊಂದು ನೌಕರಿ ಸಿಗಲೆಂದು ತಂಗಿ ದುವಾ ಮಾಡುತ್ತಾಳೆ. ಆಮೀನ್ ಎನ್ನುವವರಲ್ಲಿ ನಾವೂ ಒಬ್ಬರು.

ಕಷ್ಟ ಇರುವುದೇ ಇಲ್ಲಿ. ದೇಶದ ರಕ್ಷಣೆ ಎಂಬ ಮಾತು ಬಂದೊಡನೆ ಪ್ರಶ್ನೆ ಕೇಳಿದವನ ಮೇಲೆಯೇ ಅನುಮಾನ ಹುಟ್ಟುತ್ತದೆ. ನಮ್ಮಂಥ ಹೆಸರಿನವರು ಕೇಳಿದರಂತೂ ಒಂದು ಹಿಡಿ ಹೆಚ್ಚು. ಸೈನ್ಯ ಬೇಡವೆಂದು ಯಾರೂ ಹೇಳುತ್ತಿಲ್ಲ. ಆ ಹುಲ್ಲಿನಲ್ಲಿ ತಲೆತಲಾಂತರದಿಂದ ಕುರಿ ಮೇಯಿಸಿದವರನ್ನು ಗೋಡೆ ಏಳುವ ಮೊದಲು ಕೂರಿಸಿಕೊಂಡು ಮಾತಾಡಿದವರು ಯಾರು? ಅವರ ಮಂದೆಗೆ ಬದಲಿ ಹುಲ್ಲು ಎಲ್ಲಿ? ಇಷ್ಟು ಕೇಳಬೇಕಾದದ್ದು ಕುರಿಗಾಹಿಯೊಬ್ಬನೇ ಅಲ್ಲ. ಆ ಗೋಡೆಯೊಳಗೆ ತಮ್ಮ ಮಕ್ಕಳಿಗೆ ನೌಕರಿ ಬಯಸುವ ನಾವೂ ಕೇಳಬೇಕು.